ಹಾಜರಿ ಪುಸ್ತಕದಲ್ಲಿಲ್ಲದ ಕೆಂಪಕ್ಕ

ಹದಿನೇಳು ವರ್ಷ ನಮ್ಮ ಮಂಡಿಯಲ್ಲಿ ಅಡಿಕೆ ಆರಿಸಿದ ಕೆಂಪಕ್ಕನ ಹೆಸರನ್ನು ನಾನು ಒಂದು ದಿನವೂ ಹಾಜರಿ ಪುಸ್ತಕದಲ್ಲಿ ಬರೆಯಲಿಲ್ಲ. ಬರೆಯಬೇಡ ಎಂದು ಯಾರೂ ನನ್ನ ಕೈ ಹಿಡಿದಿರಲಿಲ್ಲ. ಸೋಮಾರಿತನ, ಅಷ್ಟೇ. ಈಗ ಅದಕ್ಕೆ ಚೆಂದದ ಕಾರಣ ಹುಡುಕುತ್ತಾ ಕೂತರೆ ನನ್ನಂಥ ಗುಮಾಸ್ತನ ಬಾಯಿಗೆ ಮಣ್ಣು ಹಾಕಬೇಕು.

ಚನ್ನಗಿರಿಯ ನಮ್ಮ ಮಂಡಿಯಲ್ಲಿ ಆರಿಸುವ ಹೆಂಗಸರಿಗೆ ಕೂರುವ ಜಾಗ ಮನೆಯಿಂದ ಮನೆಗೆ ಬರುತ್ತದೆ. ಅತ್ತೆಗೆ ಕೈಲಾಗದಿದ್ದರೆ ಅದೇ ಗೋಣಿಚೀಲದ ಮೇಲೆ ಸೊಸೆ ಬಂದು ಕೂರುತ್ತಾಳೆ. ಸುಂಕಲಮ್ಮನ ಕಣ್ಣು ಮಂಜಾದಾಗ ಅವಳ ಸೊಸೆ ಕೆಂಪಕ್ಕ ಕೆರೆಬಿಳಚಿಯಿಂದ ಹಾಗೆಯೇ ಬಂದವಳು. ಪುಸ್ತಕದಲ್ಲಿ ಮಾತ್ರ ಸುಂಕಲಮ್ಮನೇ ಉಳಿದಳು. ದೀಪಾವಳಿಯಲ್ಲಿ ಪೂಜೆ ಮಾಡಿ ಹೊಸ ಪುಸ್ತಕ ತೆರೆಯುವಾಗ ಹಳೆಯ ಹೆಸರುಗಳನ್ನು ಅದೇ ಸಾಲಿನಲ್ಲಿ ಇಳಿಸುವುದು ನಮ್ಮ ಪದ್ಧತಿ. ಪೂಜೆಯ ಪುಸ್ತಕದಲ್ಲಿ ಏನಾದರೂ ಬದಲಾದರೆ ಸಾಹುಕಾರ್ ಮಲ್ಲಿಕಾರ್ಜುನಪ್ಪನವರ ಮುಖ ಗಂಟಾಗುತ್ತಿತ್ತು.

ಯಾವ ಅಡಿಕೆ ಗಟ್ಟಿ, ಯಾವುದರ ಒಳಗೆ ಹುಳ ಹಿಡಿದಿದೆ ಎಂದು ಕೆಂಪಕ್ಕನ ಬೆರಳಿಗೇ ಗೊತ್ತಾಗುತ್ತಿತ್ತು. ಕಣ್ಣು ಬಾಗಿಲ ಕಡೆ, ಬಾಯಿ ಪಕ್ಕದವಳ ಜೊತೆ, ಕೈ ಮಾತ್ರ ತಪ್ಪುತ್ತಿರಲಿಲ್ಲ. ಬೆಳಿಗ್ಗೆ ಬಂದವಳೇ ನನ್ನನ್ನು ಕಾಡಿಸುತ್ತಿದ್ದಳು.

“ಏನ್ರೀ ಜಯದೇವಪ್ಪಾರೆ, ಇವತ್ತು ನಮ್ಮತ್ತೆ ಬಂದಾಳೇನ್ರಿ?”

“ಬಂದಾಳೆ, ಕೂತ್ಕ ಹೋಗು,” ಎನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು.

ಹತ್ತು ವರ್ಷದ ಹಿಂದೆ ಸುಂಕಲಮ್ಮ ತೀರಿಕೊಂಡಳು. ಕೆಂಪಕ್ಕ ಐದು ದಿನ ಬರಲಿಲ್ಲ. ಸುಂಕಲಮ್ಮ ಗೈರುಹಾಜರು ಎಂದು ಐದು ದಿನ ಬರೆದೆ. ಆರನೆಯ ದಿನ ಸುಂಕಲಮ್ಮ ಹಾಜರು. ಆ ದಿನ ಕೆಂಪಕ್ಕ ನಗಲಿಲ್ಲ.

“ಇನ್ನಾದ್ರೂ ನನ್ನ ಹೆಸ್ರು ಬರ್ಕಳ್ರಿ.”

“ದೀಪಾವಳಿಗೆ ಹೊಸ ಪುಸ್ತಕ ಬರುತ್ತಲ್ಲ, ಆಗ ಬರೀತೀನಿ ಬಿಡು,” ಎಂದೆ. ಒಂಬತ್ತು ದೀಪಾವಳಿ ಕಳೆದವು.

ಹೋದ ವರ್ಷ ಅಡಿಕೆ ಆರಿಸುವ ಯಂತ್ರ ಬಂತು. ಒಂದು ಶನಿವಾರ ಸಂಜೆ ಸಾಹುಕಾರರು ಹನ್ನೊಂದು ಹೆಂಗಸರನ್ನೂ ಕರೆದು, “ಸೋಮವಾರದಿಂದ ಯಾರೂ ಬರಾಕೆ ಹೋಗ್ಬ್ಯಾಡ್ರಿ,” ಎಂದುಬಿಟ್ಟರು. ಹತ್ತು ಜನ ಸುಮ್ಮನೆ ಹೊರಟರು. ಮುಂದೆ ಎಂದಾದರೂ ಕರೆದಾರು ಎಂಬ ಆಸೆ ಅವರಿಗೆ. ಕೆಂಪಕ್ಕ ನಿಂತಳು.

“ಸಾಹುಕಾರ್ರೆ, ಯಾಕೆ ಬ್ಯಾಡ ಅಂತ ಒಂದು ಹಾಳೆ ಮೇಲೆ ಬರ್ದು ಕೊಡ್ರಿ. ವರ್ಷಗಟ್ಲೆ ದುಡಿದೋರ್ನ ತೆಗಿಬೇಕಾದ್ರೆ ಮೊದ್ಲೇ ನೋಟಿಸು ಕೊಡ್ಬೇಕಂತೆ, ಪರಿಹಾರ ಕೊಡ್ಬೇಕಂತೆ. ನಮ್ಮ ರಕ್ಷಾ ಹೇಳ್ಯಾಳೆ.”

ರಕ್ಷಾ ಅವಳ ಮಗಳು, ಕಾಲೇಜು ಓದುತ್ತಿದ್ದಳು.

“ನೀನ್ಯಾವಾಗ ನಮ್ಮ ಹತ್ರ ಕೆಲಸಕ್ಕಿದ್ದೆ? ಪುಸ್ತಕದಾಗೆ ನಿನ್ನ ಹೆಸ್ರು ತೋರ್ಸು,” ಎಂದು ಸಾಹುಕಾರರು ನಕ್ಕರು. ನಾನು ಟೇಬಲ್ಲಿನ ಡ್ರಾಯರು ಎಳೆದು ಇಲ್ಲದ ಪೆನ್ನು ಹುಡುಕಿದೆ.

ಕೆಂಪಕ್ಕ ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟಳು. ದಾವಣಗೆರೆಯಲ್ಲಿ ವಿಚಾರಣೆ ಗೊತ್ತಾಯಿತು. ಹಿಂದಿನ ದಿನ ಸಾಹುಕಾರರು ನನ್ನನ್ನು ಕೂರಿಸಿಕೊಂಡು ಚಹಾ ಕುಡಿಸಿದರು. “ಸುಳ್ಳು ಹೇಳ್ರಿ ಅನ್ನಲ್ಲ. ಕೇಳಿದ್ದಕ್ಕಷ್ಟೇ ಬಾಯಿ ಬಿಡ್ರಿ.” ಐವತ್ತೆಂಟು ವರ್ಷದವನಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ ಎಂಬುದನ್ನು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಅಧಿಕಾರಿ ಮೇಡಂ ಪುಸ್ತಕ ತಿರುವಿದರು. “ಕೆಂಪಕ್ಕ ಅನ್ನೋ ಹೆಸರು ಇದರಲ್ಲಿದೆಯಾ?”

“ಇಲ್ಲ ಮೇಡಂ.”

“ಈ ಸುಂಕಲಮ್ಮನ ಜಾಗದಲ್ಲಿ ಕೂತು ಕೆಲಸ ಮಾಡ್ತಿದ್ದವರು ಇವರೇನು?”

ಕೆಂಪಕ್ಕ ನನ್ನನ್ನೇ ನೋಡುತ್ತಿದ್ದಳು. ಹೌದು ಎಂದು ನಾನು ಹೇಳಿಯೇ ಹೇಳುತ್ತೇನೆಂಬ ಭರವಸೆ ಅವಳ ಮುಖದಲ್ಲಿತ್ತು.

“ಗೊತ್ತಿಲ್ಲ ಮೇಡಂ. ನಾನು ಆಫೀಸಿನೊಳಗೆ ಕೂರೋನು,” ಎಂದೆ. ಅದನ್ನೇ ಬರೆಸಿಕೊಂಡು ಸಹಿ ಹಾಕಿಸಿದರು. “ಪುಸ್ತಕ ಒಂದೇ ಸಾಕ್ಷಿ ಅಲ್ಲಮ್ಮ, ನೀವು ಕೆಲಸ ಮಾಡಿದ್ದು ಕಂಡವರನ್ನು ಕರ್ಕೊಂಡು ಬನ್ನಿ,” ಎಂದು ಮೇಡಂ ಕೆಂಪಕ್ಕನಿಗೆ ಹೇಳಿ ಇನ್ನೊಂದು ದಿನಾಂಕ ಕೊಟ್ಟರು.

ಚನ್ನಗಿರಿಗೆ ವಾಪಸು ಬರುವಾಗ ಇಬ್ಬರಿಗೂ ಒಂದೇ ಬಸ್ಸು. ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ ಎಂದುಕೊಳ್ಳುತ್ತಾ ಕಿಟಕಿಗೆ ಮುಖ ಮಾಡಿ ಕೂತೆ. ಅವಳು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಸಂತೇಬೆನ್ನೂರು ದಾಟಿದ ಮೇಲೆ ಹಿಂದಿನ ಸೀಟಿನಿಂದ ಅವಳ ದನಿ ಕೇಳಿಸಿತು.

“ಬಿಪಿ ಮಾತ್ರೆ ತಗಂಡ್ರೇನ್ರಿ? ಹೊತ್ತಾತು.”

ಮಂಡಿಯಲ್ಲಿ ಊಟದ ಹೊತ್ತಿಗೆ ದಿನವೂ ನನಗೆ ಅದನ್ನು ನೆನಪಿಸುತ್ತಿದ್ದವಳು ಅವಳೇ. ಅಂಥವಳನ್ನು ಗೊತ್ತಿಲ್ಲ ಎಂದು ಸಹಿ ಹಾಕಿ ಬಂದಿದ್ದೆ.

ಎರಡನೆಯ ವಿಚಾರಣೆಗೆ ಆ ಹತ್ತು ಜನರಲ್ಲಿ ಒಬ್ಬರೂ ಬರಲಿಲ್ಲ. ನಾನು ಎದ್ದು ನಿಂತು, “ಹೋದ ಸಲ ನಾನು ಹೇಳಿದ್ದು ಸುಳ್ಳು ಮೇಡಂ. ಹದಿನೇಳು ವರ್ಷ ದುಡಿದವಳು ಈಕೆ. ಸತ್ತವಳ ಹೆಸರಿಗೆ ಹಾಜರಿ ಹಾಕಿದವನು ನಾನು,” ಎಂದೆ. ಸಾಹುಕಾರರು ಕನ್ನಡಕ ತೆಗೆದು ಒರೆಸತೊಡಗಿದರು. ಅವರ ವಕೀಲರು ಮಾತ್ರ ನಿಧಾನವಾಗಿ ನನ್ನ ಹಳೆಯ ಸಹಿ ತೋರಿಸಿದರು.

“ಆಗ ಗೊತ್ತಿಲ್ಲ ಅಂದವರು ಈಗ ಗೊತ್ತು ಅಂತಾರೆ. ಇವರ ಯಾವ ಮಾತು ನಂಬೋಣ?”

ಒಂದು ಸಲಕ್ಕೆ ಮುಗಿಯಬೇಕಿದ್ದ ಮಾತು ನನ್ನಿಂದ ಕೋರ್ಟಿನ ದಾರಿ ಹಿಡಿಯಿತು. ನಾನಂತೂ ಮರುದಿನದಿಂದ ಮಂಡಿಗೆ ಹೋಗುವ ಹಾಗಿರಲಿಲ್ಲ. ಅದು ನನಗೆ ಆಗಬೇಕಾದದ್ದೇ. ಆದರೆ ನನ್ನ ಆ ಸಹಿಯ ಭಾರ ಇನ್ನೆಷ್ಟು ವರ್ಷ ಕೆಂಪಕ್ಕ ಹೊರಬೇಕೋ ಯಾರಿಗೆ ಗೊತ್ತು.

ಹೇಳಿಕೆಯನ್ನು ಈ ಸಲ ನನ್ನ ಕೈಯಲ್ಲೇ ಬರೆಸಿದ್ದರು. ಅದರ ಪ್ರತಿ ಹಿಡಿದುಕೊಂಡು ಕೆಂಪಕ್ಕ ವರಾಂಡದಲ್ಲಿ ನಿಂತಿದ್ದಳು. ಅವಳಿಗೆ ಓದಲು ಬರುವುದಿಲ್ಲ.

“ಇದ್ರಾಗೆ ನನ್ನ ಹೆಸ್ರು ಎಲ್ಲೈತ್ರಿ?”

ತೋರಿಸಿದೆ. ಅಡಿಕೆ ಮುಟ್ಟಿ ನೋಡುವ ಹಾಗೆ ಅದರ ಮೇಲೆ ಬೆರಳು ಸವರಿದಳು.

“ಇಷ್ಟೇ ಏನ್ರಿ? ಭಾಳ ಉದ್ದ ಇರ್ಬೇಕು, ಅದ್ಕೇ ನಿಮ್ಗೆ ಬರಿಯಾಕೆ ಆಗಿಲ್ಲ ಅಂದ್ಕಂಡಿದ್ದೆ,” ಎಂದಳು.