ಉಗುಳಬಾರದ ಪ್ರಸಾದ

ಬಸಲಿಂಗಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆ ಸಂಗತಿಯನ್ನು ಅವಳು ಮಗನಿಗೂ ಹೇಳಿರಲಿಲ್ಲ, ಸೊಸೆಗೂ ಹೇಳಿರಲಿಲ್ಲ. ಹೇಳಿದರೆ ಮೊಮ್ಮಗಳನ್ನು ಅವಳ ಕೈಗೆ ಯಾರು ಬಿಟ್ಟಾರು? ಮಗ ಶರಣಕುಮಾರ ಲೇಥ್ ಕೆಲಸಕ್ಕೆ, ಸೊಸೆ ಸಪ್ನಾ ಹೊಲಿಗೆ ಕೆಲಸಕ್ಕೆ ಹೊರಟರೆ, ಹೈದರಾಬಾದಿನ ಬಾಲಾನಗರದ ಆ ಒಂದೇ ಕೋಣೆಯ ಮನೆಯಲ್ಲಿ ಸಂಜೆಯವರೆಗೆ ಮುದುಕಿ ಮತ್ತು ಮೂರು ವರ್ಷದ ಲಹರಿ ಇಬ್ಬರೇ. ತೆಲುಗು ಬಾರದ ಮುದುಕಿಗೆ ಬಾಯಿತುಂಬ ಮಾತಾಡಲು ಇದ್ದದ್ದು ಆ ಕೂಸೊಂದೇ. ಅದೇ ಅವಳ ಜೀವ.

ಹಾಗಾಗಿ ಕಾಣದೆಯೂ ಕಂಡಂತೆ ಬದುಕುವುದನ್ನು ಕಲಿತಳು, ಗಟ್ಟಿಗಿತ್ತಿ! ಎಲ್ಲವೂ ಜಾಗದ ಗುರುತು. ದೇವರ ಜಗಲಿಯ ಮೇಲೆ ಎಡಗಡೆಯ ಬಟ್ಟಲಲ್ಲಿ ಕರ್ಪೂರ, ಬಲಗಡೆಯದರಲ್ಲಿ ಕಲ್ಲುಸಕ್ಕರೆ. ಸೊಸೆ ಕರ್ಪೂರದಾರತಿ ಬೆಳಗಿ ಕೆಲಸಕ್ಕೆ ಹೊರಟ ಮೇಲೆ, ಬಲಗಡೆಯ ಬಟ್ಟಲಿಗೆ ಕೈ ಹಾಕಿ, ಕೂಸಿನ ಬಾಯಿಗೆ ಪ್ರಸಾದ ಇಡುವುದು ಮುದುಕಿಯ ದಿನದ ಪದ್ಧತಿ.

ಭಾನುವಾರ ಸಪ್ನಾ ಜಗಲಿ ಒರೆಸಿ, ಬಟ್ಟಲು ತೊಳೆದು, ಅದಲುಬದಲಾಗಿ ಇಟ್ಟಳು. ಕಣ್ಣಿದ್ದವರಿಗೆ ಅದರಲ್ಲೇನು? ಮರುದಿನ ಮುದುಕಿ ಬಲಗಡೆಗೇ ಕೈ ಹಾಕಿದಳು. ಬೆರಳಿಗೆ ಎರಡೂ ಹರಳೇ. ಮೂಗಿನ ತುಂಬ ಆಗಲೇ ಆರತಿಯ ವಾಸನೆ.

"ಅಜ್ಜಿ, ಖಾರ!" ಎಂದು ಲಹರಿ ನಾಲಿಗೆ ಹೊರಹಾಕಿತು.

"ಪ್ರಸಾದ ಉಗುಳಬಾರದವ್ವಾ, ಪಾಪ ಬರ್ತೈತಿ. ನುಂಗು, ನನ್ನ ಬಂಗಾರ."

ಅಯ್ಯೋ, ಅದೊಂದು ದಿನ ಹಠ ಮಾಡಬಾರದಿತ್ತೇ! ಅಜ್ಜಿಯ ಮಾತು ಮೀರದ ಕೂಸು, ನುಂಗಿತು. ಜಾಣೆ ಎಂದು ಇನ್ನೊಂದು ಕೊಟ್ಟಳು, ಅದನ್ನೂ ನುಂಗಿತು.

ಅನ್ನ ಕಲಸುವಷ್ಟರಲ್ಲಿ ಕೂಸಿನ ಕೈಕಾಲು ಸೆಟೆದವು. ಮುದುಕಿಯ ಚೀರಾಟ ಕೇಳಿ ಓಡಿಬಂದ ಪಕ್ಕದ ಮನೆಯ ಗಂಗಾಬಾಯಿ ಆಟೋ ಹಿಡಿದಳು, ಫೋನು ಮಾಡಿದಳು. ಗಂಡಹೆಂಡತಿ ಕೆಲಸ ಬಿಟ್ಟು ಆಸ್ಪತ್ರೆಗೆ ಬಂದರು. ಡಾಕ್ಟರು ಕೂಸಿನ ಬಾಯಿ ಮೂಸಿದರು. "ಕಪೂರ್ ಹೈ. ಕಿತ್ನಾ ಖಾಯಾ?" ಕರ್ಪೂರ ಎಷ್ಟು ತಿಂದಿದೆ ಎಂದು ತಿಳಿಯದೆ ಔಷಧ ಕೊಡುವಂತಿರಲಿಲ್ಲ.

ಶರಣಕುಮಾರ ಹೆಂಡತಿಯ ಮೇಲೆ ಹರಿಹಾಯ್ದ. "ನಿನ್ನೆ ಜಗಲಿ ತೊಳದಾಕಿ ನೀನ ಅಲ್ಲೇನು? ಕೂಸಿನ ಕೈಗೆ ಸಿಗೂಹಂಗ ಯಾಕ ಇಟ್ಟಿ?"

ಸಪ್ನಾ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. ಬಸಲಿಂಗಮ್ಮನಿಗೆ ಆಗ ಎಲ್ಲ ತಿಳಿಯಿತು. ಬಾಯಿ ಬಿಟ್ಟರೆ ಕೂಸು ತನ್ನ ಪಾಲಿಗಿಲ್ಲ, ಬಿಡದಿದ್ದರೆ ಕೂಸೇ ಇಲ್ಲವಾದೀತು. ಅತ್ತ ದರಿ, ಇತ್ತ ಹುಲಿ. ಡಾಕ್ಟರು ಮತ್ತೆ ಕೇಳಿದರು.

"ದೋ ರಿ, ಎರಡು ಹರಳು. ನಾನ ತಿನ್ನಿಸೀನಿ. ನನಗ ಕಣ್ಣು ಕಾಣಂಗಿಲ್ಲ. ಕೂಸು ಉಗುಳಾಕ ಹೋಗಿತ್ತು ರಿ... ನಾ ಬಿಡಲಿಲ್ಲ."

ಲಹರಿ ಉಳಿಯಿತು. ಮುದುಕಿಯನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಎದೆ ಎಷ್ಟೋ ಹಗುರಾಗುತ್ತಿತ್ತು. ಸಪ್ನಾ ಕೆಲಸ ಬಿಟ್ಟು ಮನೆಯಲ್ಲೇ ಕೂತಳು. ಈಗ ಅದೇ ಕೋಣೆಯಲ್ಲಿ ಮೂವರು. ಅಜ್ಜಿ ಕೈ ಚಾಚಿದರೆ ಸೊಸೆ ಕೂಸನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಳ್ಳುತ್ತಾಳೆ. ಎದ್ದು ಹೋಗೋಣವೆಂದರೆ ಬಾಗಿಲಾಚೆ ಗುರುತಿಲ್ಲದ ಊರು, ಮಬ್ಬು ಕಣ್ಣು.

ಒಂದು ದಿನ ಸಪ್ನಾ ನಳದ ನೀರಿಗೆಂದು ಕೆಳಗಿಳಿದಳು. ಲಹರಿ ತಾನಾಗಿಯೇ ಬಂದು ತೊಡೆಯ ಮೇಲೆ ಕೂತಿತು. ಮುದುಕಿ ಅದರ ಬಾಯಿಗೆ ಒಂದು ತುತ್ತು ಸಾರನ್ನ ಇಟ್ಟಳು. ಅಗಿಯುವ ಸದ್ದಿಲ್ಲ. ತಡವಿ ನೋಡಿದರೆ ಕೆನ್ನೆ ಉಬ್ಬಿದೆ, ಅದರ ಮೇಲೆಲ್ಲ ಕಣ್ಣೀರು.

"ಖಾರ ಆತೇನವ್ವಾ? ಉಗುಳು," ಎಂದು ಅಂಗೈ ಒಡ್ಡಿದಳು. "ಉಗುಳು ನನ್ನವ್ವಾ, ಏನೂ ಆಗಂಗಿಲ್ಲ."

ಕೂಸು ನುಂಗಲೂ ಇಲ್ಲ, ಬಾಯಿ ತೆರೆಯಲೂ ಇಲ್ಲ.