ಭಂಡಾರ ಹತ್ತಿದ ಮೊಬೈಲ್

ಮೈಮೇಲೆ ದೇವರು ಬಂದಾಗ ನಮ್ಮವ್ವನಿಗೆ ಗಟ್ಟಿ ದನಿಯಲ್ಲಿ ಭವಿಷ್ಯ ನುಡಿದಿದ್ದ ಬೀರಪ್ಪನ ಪೂಜಾರಿ, ದೇವರು ಇಳಿದ ಮೇಲೆ ಒಂದು ಚೀಟಿ ಹಿಡಿದು ನನ್ನೆದುರು ನಿಂತರು. ಅದರಲ್ಲಿ ಅವರ ಮಗಳ ಪಿಯುಸಿ ನಂಬರ್ ಇತ್ತು.

“ರಿಜಲ್ಟ್ ಬಂದೈತಂತ. ಮೊಬೈಲ್‌ನ್ಯಾಗ ಸ್ವಲ್ಪ ನೋಡಿ ಹೇಳವಾ ತಂಗಿ.”

“ದೇವ್ರನ್ನ ಕೇಳಬೇಕಿಲ್ಲೇನ್ರಿ ಪೂಜಾರ್ರ?” ಎಂದು ಅವ್ವ ನಕ್ಕಳು.

“ಊರ ಮಂದೀದೆಲ್ಲಾ ಹೇಳ್ತೇನ್ರಿ ಅಕ್ಕಾ. ನಮ್ಮ ಮನೀದು ನಾವು ಕೇಳಂಗಿಲ್ಲ, ಹಿರಿಯಾರ ಕಟ್ಟಳಿ ಐತಿ.”

ಗುಡಿಯ ಕಟ್ಟೆ ಏರಿದಾಗ ನೆಟ್‌ವರ್ಕ್ ಸಿಕ್ಕಿತು. ಮಗಳು ಪ್ರಥಮ ದರ್ಜೆಯಲ್ಲಿ ಪಾಸಾಗಿದ್ದಳು. ನಾನು ಹೇಳಿದ್ದೇ ತಡ, ಪೂಜಾರಿ ಚೀಲದಿಂದ ಭಂಡಾರದ ಅರಿಶಿನ ತೆಗೆದು ನನ್ನ ಹಣೆಗೆ ಹಚ್ಚಿದರು. ಆಮೇಲೆ ನನ್ನ ಮೊಬೈಲ್‌ಗೂ ಹಚ್ಚಿ ಅದಕ್ಕೆ ಕೈಮುಗಿದರು.

ದಿನಕ್ಕೆರಡು ಸಲ ಮೊಬೈಲ್ ಒರೆಸುವವಳು ನಾನು. ಅದರ ಕವರಿನ ಅಂಚಿಗೆ ಹತ್ತಿದ ಆ ಹಳದಿಯನ್ನು ಮಾತ್ರ ಇನ್ನೂ ಒರೆಸಿಲ್ಲ.