ಸ್ಟೆಪ್ನಿ ಕೆಳಗಿನ ಬರಹ

ಹೋದ ವರ್ಷ ಹೊಸಪೇಟೆಯ ಡೀಲರೊಬ್ಬನ ಹತ್ತಿರ ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ಒಂದು ಗೀರೂ ಬಿದ್ದಿಲ್ಲ ಎಂದು ಮಾರಿದವನು ಆಣೆ ಮಾಡಿದ್ದ. ಮರಿಯಮ್ಮನಹಳ್ಳಿ ಹತ್ತಿರ ಪಂಕ್ಚರ್ ಆಗಿ ಸ್ಟೆಪ್ನಿ ಎತ್ತಿದರೆ, ಅದರಡಿ ಹಳದಿ ಬಣ್ಣದ ಅಕ್ಷರ: 'ಲಾರಿಗೆ ಗುದ್ದಿ ಮುಂಭಾಗ ಪೂರ್ತಿ ಹೋಗಿತ್ತು. ಕಟ್ಟಿದವನು ಮಾರೇಶ್, ಹೊಸಪೇಟೆ.'

ಸಿಟ್ಟು ನೆತ್ತಿಗೇರಿ ನೇರ ಆ ಮಾರೇಶನ ಶೆಡ್ಡಿಗೇ ಹೋದೆ. ಇನ್ಶೂರೆನ್ಸಿನವರು ಕೈಬಿಟ್ಟ ಕಾರುಗಳನ್ನು ಬಡಿದು ನೆಟ್ಟಗೆ ಮಾಡುವುದು ಮಾರೇಶನ ಇಪ್ಪತ್ತು ವರ್ಷದ ಕಸುಬು.

"ಕುಂದ್ರಿ ಅಕ್ಕ," ಎಂದು ಸ್ಟೂಲ್ ಒರೆಸಿಕೊಟ್ಟ. "ಮಾರೋರು ಹೇಳಂಗಿಲ್ಲ. ಅದಕ್ಕ ನಾ ಕಟ್ಟಿದ ಎಲ್ಲಾ ಗಾಡಿಗೂ ಬರೀತೀನಿ."

"ಅದನ್ನ ಓದಾಕ ನನ್ನ ಟೈರು ಪಂಕ್ಚರ್ ಆಗಬೇಕಿತ್ತೇನಪ್ಪ?"

ಅವನು ನಾಚಿ ತಲೆ ಕೆರೆದುಕೊಂಡ. ಆ ಮುಖ ನೋಡಿ ನನ್ನ ಸಿಟ್ಟು ಅರ್ಧ ಇಳಿಯಿತು.

ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟೆ. ಅಪಘಾತವಾದದ್ದನ್ನು ಮುಚ್ಚಿಟ್ಟು ಮಾರಿದರೆ ಕಾನೂನು ಕೊಂಡವರ ಪರ ನಿಲ್ಲುತ್ತದೆ. ಆದರೆ ಅದಕ್ಕೆ ಸಾಕ್ಷಿ ಬೇಕು. ಆ ಬರಹ ನಾನೇ ಬರೆದುಕೊಂಡದ್ದು ಎಂದರು ಮಾರಿದವನ ವಕೀಲರು. ಮಾರೇಶ್ ಅವತ್ತು ಶೆಡ್ಡಿಗೆ ಬೀಗ ಹಾಕಿ ಸಾಕ್ಷಿ ಹೇಳಲು ಬಂದ. ತನಗೆ ಎಲ್ಲರಿಗಿಂತ ಹೆಚ್ಚು ಕೆಲಸ ಕೊಡುತ್ತಿದ್ದ ಆ ಡೀಲರನ ಎದುರೇ ನಿಂತು, "ಅಕ್ಷರ ನಂದರಿ, ಗಾಡಿ ಕಟ್ಟಿದಾಂವನೂ ನಾನ" ಎಂದ. ಕಾರು ವಾಪಸ್ ತಗೊಂಡು ದುಡ್ಡು ಕೊಡಬೇಕೆಂದು ಆದೇಶವಾಯಿತು.

ಕಾರು ಒಪ್ಪಿಸುವ ದಿನ ಮಾರೇಶ್ ಬ್ರಷ್ ಹಿಡಿದು ಬಂದ. ಡ್ರೈವರ್ ಬಾಗಿಲು ತೆಗೆದು, ಅದರ ಒಳಬದಿಯಲ್ಲಿ, ಕೂರುವ ಮುಂಚೆಯೇ ಕಣ್ಣಿಗೆ ಬೀಳುವಂತೆ, ಅದೇ ಮಾತನ್ನು ದಪ್ಪ ಅಕ್ಷರದಲ್ಲಿ ಬರೆದ.

"ಮುಂದಿನೋರಿಗೆ ಪಂಕ್ಚರ್ ಆಗೋತನಕ ಕಾಯೋದು ಬ್ಯಾಡ ಅಕ್ಕ," ಅಂದ.